ಕಬ್ಬಿಣದ ನೆನಪು, ಮೋಟಾರಿನ ಬಿಸಿ

ರೈತನ ಮಗನೊಬ್ಬ ಜೀವಮಾನವೆಲ್ಲ ಕಬ್ಬಿಣವನ್ನು ಅಳೆದು ಲೋಕಕ್ಕೆ ಕೊಟ್ಟದ್ದೇನು?

ಫೆಬ್ರವರಿ ಕಳೆಯುತ್ತ ಬಂದಂತೆ ನಮ್ಮ ಬೆಳೆಗಾರರ ಕಿವಿ ಎರಡು ಸದ್ದಿಗೆ ಕಾದಿರುತ್ತದೆ. ಒಂದು ಮೋಡದ ಗುಡುಗು, ಇನ್ನೊಂದು ಪಂಪುಮನೆಯ ಮೋಟಾರು. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ನೀರೇ ಗತಿ. ಅಡಿಕೆ ತೋಟಕ್ಕಂತೂ ಮುಂಗಾರು ಹಿಡಿಯುವವರೆಗೆ ನೀರು ತಪ್ಪಿಸುವಂತಿಲ್ಲ. ಸರಿಯಾಗಿ ಆ ಹೊತ್ತಿಗೇ ಮೋಟಾರು ಸುಟ್ಟು, ರಿವೈಂಡಿಂಗ್ ಅಂಗಡಿಯ ಸಾಲಿನಲ್ಲಿ ನಾಲ್ಕು ದಿನ ಕಾಯಬೇಕಾಗಿ ಬಂದರೆ, ಆ ನಾಲ್ಕು ದಿನದ ಬೆಲೆ ರಿವೈಂಡಿಂಗಿನ ಬಿಲ್ಲಿನಲ್ಲಿ ಕಾಣುವುದಿಲ್ಲ; ಮುಂದಿನ ಕೊಯ್ಲಿನಲ್ಲಿ ಕಾಣುತ್ತದೆ.

ಮೋಟಾರು ಎಂದೊಡನೆ ನಮ್ಮೆಲ್ಲರ ಲಕ್ಷ್ಯ ತಾಮ್ರದ ತಂತಿಯ ಕಡೆಗೆ ಹೋಗುತ್ತದೆ. ಸುಡುವುದು ಅದು, ಹಣ ಕೊಡಿಸುವುದೂ ಅದು. ಆದರೆ ಆ ತಂತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಕಬ್ಬಿಣದ ವಿಚಾರವನ್ನು ಯಾರೂ ಕೇಳುವುದಿಲ್ಲ. ಕಬ್ಬಿಣ ತಾನೆ, ಅದಕ್ಕೇನಾದೀತು ಎಂಬ ಭಾವನೆ. ಈ ಕಬ್ಬಿಣಕ್ಕೂ ಗುಣವುಂಟು, ದೋಷವುಂಟು, ಆಯುಷ್ಯವುಂಟು. ಅದನ್ನು ಅರಿಯುವುದಕ್ಕೆಂದೇ ವಿಶ್ವವಿದ್ಯಾನಿಲಯದ ಕೋಣೆಗಳಲ್ಲಿ ಇಡೀ ಬಾಳನ್ನು ಕಳೆದ ವಿದ್ವಾಂಸರಿದ್ದಾರೆ. ಅವರಲ್ಲೊಬ್ಬರು ಜಪಾನಿನ ಕೋಟಾರೊ ಹೋಂಡಾ. ಹೆಸರು ಕೇಳಿದೊಡನೆ ಮೋಟಾರ್ ಸೈಕಲ್ಲು ನೆನಪಾಗುವುದು ಸಹಜ. ಆದರೆ ಆ ಕಾರ್ಖಾನೆಯ ಸ್ಥಾಪಕರು ಬೇರೆ, ಈ ಪ್ರಾಧ್ಯಾಪಕರು ಬೇರೆ. ಇವರ ವಿಚಾರ ನಮ್ಮ ಸದಸ್ಯರಿಗೆ ತಿಳಿದಿರಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಕೊನೆಯಲ್ಲಿ ಪಂಪುಮನೆಗೆ ಉಪಯೋಗವಾಗುವ ನಾಲ್ಕು ಮಾತುಗಳೂ ಉಂಟು.

ಕಬ್ಬಿಣಕ್ಕೂ ನೆನಪುಂಟು

ಅಯಸ್ಕಾಂತದ ತುಂಡಿಗೆ ಒಂದು ಮೆದು ಕಬ್ಬಿಣದ ಮೊಳೆಯನ್ನು ಅಂಟಿಸಿ. ಅಂಟಿರುವಷ್ಟು ಹೊತ್ತು ಆ ಮೊಳೆಯೂ ಅಯಸ್ಕಾಂತವೇ, ಗುಂಡುಸೂಜಿಯನ್ನು ಎತ್ತುತ್ತದೆ. ಬಿಡಿಸಿದೊಡನೆ ಆ ಶಕ್ತಿ ಬಹುಪಾಲು ಹೋಗಿಬಿಡುತ್ತದೆ. ಅದೇ ಅಯಸ್ಕಾಂತಕ್ಕೆ ಗಟ್ಟಿ ಉಕ್ಕಿನ ಸ್ಕ್ರೂಡ್ರೈವರನ್ನು ನಾಲ್ಕು ಸಲ ಉಜ್ಜಿ ನೋಡಿ. ಬಿಡಿಸಿದ ಮೇಲೂ ತಿಂಗಳುಗಟ್ಟಲೆ ಸಣ್ಣ ಸ್ಕ್ರೂಗಳು ಅದರ ತುದಿಗೆ ಅಂಟುತ್ತಿರುತ್ತವೆ. ಒಂದು ಕಬ್ಬಿಣ ಮರೆಯುತ್ತದೆ, ಇನ್ನೊಂದು ನೆನಪಿಟ್ಟುಕೊಳ್ಳುತ್ತದೆ. ಕಾಂತ ವಸ್ತುಗಳ ಶಾಸ್ತ್ರವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ನಮ್ಮ ಪಂಪಿನ ಮೋಟಾರಿಗೆ ಬೇಕಾದದ್ದು ಬೇಗ ಮರೆಯುವ ಕಬ್ಬಿಣ. ನಮ್ಮ ವಿದ್ಯುಚ್ಛಕ್ತಿ ಸೆಕೆಂಡಿಗೆ 50 ಆವರ್ತದ್ದು. ಪ್ರತಿ ಆವರ್ತದಲ್ಲೂ ಮೋಟಾರಿನ ಕಬ್ಬಿಣ ಒಂದು ದಿಕ್ಕಿಗೆ ಕಾಂತವಾಗಿ, ತಿರುಗಿ ಎದುರು ದಿಕ್ಕಿಗೆ ಕಾಂತವಾಗಿ, ಮತ್ತೆ ಮೊದಲಿನಂತಾಗಬೇಕು. ಲೆಕ್ಕ ಹಾಕಿದರೆ ಗಂಟೆಗೆ 1,80,000 ಸಲ. ಗದ್ದೆಯ ಕೊನೆಯಲ್ಲಿ ಎತ್ತು ತಿರುಗಿಸುವುದನ್ನು ನೆನೆದುಕೊಳ್ಳಿ. ಪಳಗಿದ ಎತ್ತು ಮಾತಿಗೇ ತಿರುಗುತ್ತದೆ. ಹಠದ ಎತ್ತನ್ನು ಪ್ರತಿ ಸಲವೂ ಎಳೆದೇ ತಿರುಗಿಸಬೇಕು. ಹಠದ ಕಬ್ಬಿಣವನ್ನು ತಿರುಗಿಸಲು ವ್ಯಯವಾಗುವ ಶಕ್ತಿ ನೀರೆತ್ತುವುದಕ್ಕೆ ಬರುವುದಿಲ್ಲ. ಮೋಟಾರಿನ ಮೈಬಿಸಿಯಾಗಿ ಗಾಳಿಗೆ ಹೋಗುತ್ತದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಹಿಸ್ಟೆರಿಸಿಸ್’ ನಷ್ಟ ಎಂದು ಹೆಸರು. ಹಿಂದುಳಿಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಪದ ಅದು.

ಇದಲ್ಲದೆ ಇನ್ನೊಂದು ನಷ್ಟವುಂಟು. ಬದಲಾಗುತ್ತಿರುವ ಕಾಂತಬಲದಿಂದ ಕಬ್ಬಿಣದ ಒಳಗೇ ಸಣ್ಣ ಸಣ್ಣ ವಿದ್ಯುತ್ ಪ್ರವಾಹಗಳು ಹಳ್ಳದ ಸುಳಿಯ ಹಾಗೆ ಸುತ್ತುತ್ತವೆ. ಇವುಗಳಿಂದಲೂ ಬರುವುದು ಬಿಸಿಯೊಂದೇ. ಈ ಸುಳಿಗಳನ್ನು ತಡೆಯುವುದಕ್ಕಾಗಿಯೇ ಮೋಟಾರಿನ ಕೋರನ್ನು ಇಡಿಯ ಗಟ್ಟಿಯಾಗಿ ಎರಕ ಹೊಯ್ಯದೆ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡುತ್ತಾರೆ. ಮೆಕ್ಯಾನಿಕರು ಇವನ್ನು ಸ್ಟಾಂಪಿಂಗ್ ಎನ್ನುತ್ತಾರೆ. ಒಂದೊಂದು ತಗಡಿನ ಮೈಮೇಲೂ ವಿದ್ಯುತ್ ಹರಿಯದಂತೆ ತೆಳುವಾದ ಲೇಪವಿರುತ್ತದೆ. ಈ ಲೇಪದ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದು ಗುರುಪರಂಪರೆ

ಈ ನಷ್ಟವನ್ನು ಕಂಡು, ಅಳೆದು, ಹಿಸ್ಟೆರಿಸಿಸ್ ಎಂದು ಹೆಸರಿಟ್ಟವರು ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್. ವಿಶೇಷವೆಂದರೆ ಅವರು ಈ ಕೆಲಸವನ್ನು ಮಾಡಿದ್ದು ತಮ್ಮ ನಾಡಿನಲ್ಲಲ್ಲ, ಜಪಾನಿನ ಟೋಕಿಯೋದಲ್ಲಿ. ಆಗ ಜಪಾನು ಪಾಶ್ಚಾತ್ಯ ವಿದ್ಯೆಯನ್ನು ಕಲಿಯಲು ಹೊರದೇಶಗಳಿಂದ ತರುಣ ಪ್ರಾಧ್ಯಾಪಕರನ್ನು ಕರೆಸಿಕೊಳ್ಳುತ್ತಿತ್ತು. 1878ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯಕ್ಕೆ ಬಂದ ಯೂಯಿಂಗರಿಗೆ ಇಪ್ಪತ್ತಮೂರು ವರ್ಷ. ಹಗಲು ಪಾಠ, ಉಳಿದ ಹೊತ್ತಿನಲ್ಲಿ ಭೂಕಂಪವನ್ನು ದಾಖಲಿಸುವ ಯಂತ್ರ ಮತ್ತು ಕಬ್ಬಿಣದ ಕಾಂತಗುಣದ ಪ್ರಯೋಗ. ಕಾಂತಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸಿದಾಗ ಕಬ್ಬಿಣ ಏರಿದ ದಾರಿಯಲ್ಲೇ ಇಳಿಯುವುದಿಲ್ಲ, ಹಿಂದುಳಿದು ಬರುತ್ತದೆ ಎಂದು ಅವರು 1881ರ ಸುಮಾರಿಗೆ ತೋರಿಸಿದರು. ಅದೇ ಕಾಲದಲ್ಲಿ ಜರ್ಮನಿಯ ವಾರ್‌ಬುರ್ಗ್ ಎಂಬ ವಿಜ್ಞಾನಿಯೂ ಸ್ವತಂತ್ರವಾಗಿ ಇದನ್ನು ಕಂಡಿದ್ದರು. ಏರುವ ದಾರಿ ಇಳಿಯುವ ದಾರಿಗಳ ನಡುವೆ ಕಾಗದದ ಮೇಲೆ ಉಂಟಾಗುವ ಕುಣಿಕೆಯ ಅಗಲವೇ ನಷ್ಟದ ಲೆಕ್ಕ. ಕುಣಿಕೆ ಸಪೂರವಾದರೆ ಪಳಗಿದ ಕಬ್ಬಿಣ, ಅಗಲವಾದರೆ ಹಠದ ಕಬ್ಬಿಣ.

1883ರಲ್ಲಿ ಯೂಯಿಂಗ್ ಸ್ವದೇಶಕ್ಕೆ ಮರಳಿದರು. ಮುಂದೆ ಕೇಂಬ್ರಿಡ್ಜಿನಲ್ಲಿ ಪ್ರಾಧ್ಯಾಪಕರಾಗಿ ದೊಡ್ಡ ಹೆಸರು ಪಡೆದರು. ಟೋಕಿಯೋಗೆ ಅವರ ನಂತರ ಬಂದವರು ಕಾರ್ಗಿಲ್ ನಾಟ್. ನಾಟ್ ಅವರ ಶಿಷ್ಯ ಹಂಟಾರೊ ನಗಾಓಕಾ. ನಗಾಓಕಾ ಅವರ ಶಿಷ್ಯರೇ ನಮ್ಮ ಲೇಖನದ ಕೋಟಾರೊ ಹೋಂಡಾ. ಹೊರಗಿನಿಂದ ತಂದ ಸಸಿ ಮಣ್ಣಿಗೆ ಒಗ್ಗಿ, ಮೂರನೆಯ ತಲೆಯಲ್ಲಿ ಭಾರವಾದ ಫಸಲು ಕೊಟ್ಟ ಹಾಗೆ ಇದು.

ರೈತನ ಮಗ

ಹೋಂಡಾ ಹುಟ್ಟಿದ್ದು 1870ರ ಫೆಬ್ರವರಿ 23ರಂದು, ಜಪಾನಿನ ಐಚಿ ಪ್ರಾಂತದ ಒಕಜಾಕಿಯಲ್ಲಿ, ಒಂದು ರೈತ ಕುಟುಂಬದಲ್ಲಿ. ಹಳ್ಳಿಯಿಂದ ಟೋಕಿಯೋಗೆ ಹೋಗಿ ಅಲ್ಲಿನ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿ, 1897ರಲ್ಲಿ ಪದವಿ ಪಡೆದರು. ಅನಂತರ ಗುರುಗಳಾದ ನಗಾಓಕಾ ಅವರೊಡನೆ ಒಂದು ವಿಚಿತ್ರ ಸಂಗತಿಯ ಅಧ್ಯಯನಕ್ಕೆ ಕುಳಿತರು. ಕಬ್ಬಿಣವನ್ನೋ ನಿಕ್ಕಲ್ಲನ್ನೋ ಕಾಂತವಾಗಿಸಿದಾಗ ಅದರ ಉದ್ದ ಕಣ್ಣಿಗೆ ಕಾಣದಷ್ಟು ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆಯುವುದೇ ಅವರ ಕೆಲಸ.

ಇದರಿಂದ ಯಾರಿಗೇನು ಪ್ರಯೋಜನ ಎಂದು ಕೇಳಬಹುದು. ಊರ ಬಾಗಿಲಿನ ಟ್ರಾನ್ಸ್‌ಫಾರ್ಮರಿನ ಕೆಳಗೆ ಒಂದು ನಿಮಿಷ ನಿಂತು ಕಿವಿಗೊಡಿ. ಗುಂಯ್ ಎಂಬ ಆ ಸದ್ದು ಬಹುಪಾಲು ಇದರಿಂದಲೇ. ಒಳಗಿನ ಕಬ್ಬಿಣದ ತಗಡುಗಳು ಸೆಕೆಂಡಿಗೆ ನೂರು ಸಲ ಅಣುವಿನಷ್ಟು ಹಿಗ್ಗಿ ಕುಗ್ಗುತ್ತಿರುತ್ತವೆ. ಒಂದು ಕೋಣೆಯಲ್ಲಿ ಕುಳಿತು ಇಬ್ಬರು ಅಳೆದದ್ದನ್ನು ಇಂದು ಮಲೆನಾಡಿನ ಮೂಲೆಯ ಟ್ರಾನ್ಸ್‌ಫಾರ್ಮರು ಹಗಲೂ ರಾತ್ರಿಯೂ ಹಾಡುತ್ತಿದೆ.

1907ರಲ್ಲಿ ಹೋಂಡಾ ಹೆಚ್ಚಿನ ವ್ಯಾಸಂಗಕ್ಕೆ ಜರ್ಮನಿಗೆ ಹೋದರು. ಗಟ್ಟಿಂಗೆನ್ನಿನಲ್ಲಿ ಲೋಹಶಾಸ್ತ್ರದ ಟಾಮ್ಮನ್, ಬರ್ಲಿನ್ನಿನಲ್ಲಿ ಕಾಂತಶಾಸ್ತ್ರದ ಡು ಬೋಯಿ ಅವರ ಬಳಿ ದುಡಿದರು. ಅಲ್ಲಿ ಮಾಡಿದ್ದು ಹೊಳೆಯುವ ಕೆಲಸವಲ್ಲ. ನಲವತ್ತಕ್ಕೂ ಹೆಚ್ಚು ಮೂಲವಸ್ತುಗಳನ್ನು ಒಂದೊಂದಾಗಿ ತೆಗೆದುಕೊಂಡು, ಬಿಸಿ ಮಾಡಿ, ತಣ್ಣಗೆ ಮಾಡಿ, ಅವುಗಳ ಕಾಂತಗುಣ ಹೇಗೆ ಬದಲಾಗುತ್ತದೆಂದು ಬರೆದಿಟ್ಟರು. 1910ರಲ್ಲಿ ಆ ಫಲಿತಾಂಶಗಳು ಪ್ರಕಟವಾದವು. 1911ರಲ್ಲಿ ಜಪಾನಿಗೆ ಹಿಂದಿರುಗಿ, ಉತ್ತರದ ಸೆಂಡಾಯ್ ನಗರದಲ್ಲಿ ಹೊಸದಾಗಿ ಕಟ್ಟುತ್ತಿದ್ದ ತೊಹೊಕು ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಮುಂದಿನ ಸುಮಾರು ಮೂವತ್ತು ವರ್ಷ ಅದೇ ಅವರ ಕರ್ಮಭೂಮಿ.

1915ರಲ್ಲಿ ಅವರು ಮಾಡಿದ ಒಂದು ಉಪಕರಣವನ್ನು ಕಾಫಿ ಬೆಳೆಗಾರರು ಮೆಚ್ಚದಿರಲಾರರು. ವಸ್ತುವನ್ನು ಒಲೆಯಲ್ಲಿ ಕಾಯಿಸುತ್ತಿರುವಾಗಲೇ ಅದರ ತೂಕ ಎಷ್ಟೆಷ್ಟು ಇಳಿಯಿತೆಂದು ತೋರಿಸುವ ತಕ್ಕಡಿ ಅದು. ಕಣದಲ್ಲಿ ಹಣ್ಣು ಒಣಗುತ್ತ ಹೋದಂತೆ ದಿನದಿನಕ್ಕೂ ತೂಕ ಇಳಿಯುವುದನ್ನು ನಾವು ಬಲ್ಲೆವು. ಯಾವ ದಿನಕ್ಕೆ ನಿಲ್ಲಿಸಬೇಕೆಂಬುದರಲ್ಲೇ ಬೆಲೆಯಿರುವುದನ್ನೂ ಬಲ್ಲೆವು. ಬಿಸಿಗೆ ವಸ್ತುವಿನಿಂದ ಏನೇನು ಯಾವ ಹಂತದಲ್ಲಿ ಹೊರಡುತ್ತದೆಂದು ತಿಳಿಯಲು ಈ ಬಗೆಯ ತಕ್ಕಡಿ ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

ಮರೆಯದ ಉಕ್ಕು

1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು. ಜಪಾನಿಗೆ ಅಲ್ಲಿಂದ ಬರುತ್ತಿದ್ದ ಉತ್ತಮ ಉಕ್ಕು ನಿಂತುಹೋಯಿತು. ಅಳತೆಯ ಉಪಕರಣ, ದೂರವಾಣಿ, ಎಂಜಿನಿನ ಮ್ಯಾಗ್ನೆಟೋ ಎಲ್ಲಕ್ಕೂ ಬೇಕಾದ ಶಾಶ್ವತ ಅಯಸ್ಕಾಂತಗಳಿಗೆ ಅಭಾವ ಬಂತು. ಆಗ ಬಳಕೆಯಲ್ಲಿದ್ದದ್ದು ಟಂಗ್‌ಸ್ಟನ್ ಸೇರಿಸಿದ ಉಕ್ಕು. ಅದರ ನೆನಪು ಗಟ್ಟಿಯಲ್ಲ. ಪೆಟ್ಟು ಬಿದ್ದರೆ, ಬಿಸಿ ತಾಗಿದರೆ, ಕಾಲ ಕಳೆದರೆ ಶಕ್ತಿ ಕುಂದುತ್ತಿತ್ತು.

ಹೋಂಡಾ ಮತ್ತು ಅವರ ಜೊತೆಗಾರ ತಾಕಾಗಿ ಅವರು ಬಗೆಬಗೆಯ ಮಿಶ್ರಣಗಳನ್ನು ಕರಗಿಸಿ ಪರೀಕ್ಷಿಸುತ್ತ ಹೋದರು. 1917ರ ಹೊತ್ತಿಗೆ ಕೋಬಾಲ್ಟ್, ಟಂಗ್‌ಸ್ಟನ್, ಕ್ರೋಮಿಯಮ್ ಸೇರಿದ ಹೊಸ ಉಕ್ಕು ಸಿದ್ಧವಾಯಿತು. ಅದರಲ್ಲಿ ಮೂರನೆಯ ಒಂದು ಭಾಗದಷ್ಟು ಕೋಬಾಲ್ಟೇ. ಕಾಂತಶಕ್ತಿಯನ್ನು ಅಳಿಸಲು ಬೇಕಾದ ಎದುರು ಬಲವನ್ನು ಅಳೆದಾಗ, ಹಳೆಯ ಟಂಗ್‌ಸ್ಟನ್ ಉಕ್ಕಿಗಿಂತ ಇದು ಮೂರು ಪಟ್ಟು ಗಟ್ಟಿಯೆಂದು ಕಂಡಿತು. ಸಂಶೋಧನೆಗೆ ಹಣ ಕೊಟ್ಟಿದ್ದ ಉದ್ಯಮಿ ಕಿಚಿಜಾಎಮೊನ್ ಸುಮಿಟೊಮೊ ಅವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಕೆ.ಎಸ್. ಉಕ್ಕು ಎಂದು ಹೆಸರಿಟ್ಟರು. ಆ ಕಾಲದಲ್ಲಿ ಪ್ರಪಂಚದಲ್ಲಿಯೇ ಅದಕ್ಕಿಂತ ಬಲವಾದ ಶಾಶ್ವತ ಅಯಸ್ಕಾಂತದ ಉಕ್ಕು ಇರಲಿಲ್ಲ.

ಅಯಸ್ಕಾಂತ ಮರೆಯದಿದ್ದರೆ ನಮಗೇನು ಲಾಭ? ಮನೆಯ ಗೋಡೆಯ ಮೇಲಿದ್ದ ಹಳೆಯ ಕಾಲದ ಮೀಟರನ್ನು ನೆನೆಯಿರಿ. ಅದರೊಳಗೆ ಅಲ್ಯೂಮಿನಿಯಂ ತಟ್ಟೆಯೊಂದು ತಿರುಗುತ್ತಿತ್ತು. ಆ ತಟ್ಟೆ ಎಗ್ಗಿಲ್ಲದೆ ಓಡದಂತೆ ಹಿಡಿತದಲ್ಲಿಡುತ್ತಿದ್ದದ್ದು ಒಂದು ಶಾಶ್ವತ ಅಯಸ್ಕಾಂತ. ಅಯಸ್ಕಾಂತ ಸೋತರೆ ಹಿಡಿತ ಸಡಿಲವಾಗಿ ತಟ್ಟೆ ವೇಗವಾಗಿ ತಿರುಗುತ್ತದೆ. ಉರಿಸದ ವಿದ್ಯುತ್ತಿಗೆ ನಾವು ಹಣ ಕಟ್ಟಬೇಕಾಗುತ್ತದೆ. ಬೋರ್ಡೋ ದ್ರಾವಣ ಹೊಡೆಯುವ ಪೆಟ್ರೋಲ್ ಸ್ಪ್ರೇಯರಿನಲ್ಲಿ ಕಿಡಿ ಹಾರಿಸುವುದೂ ತಿರುಗುಚಕ್ರದಲ್ಲಿ ಕೂರಿಸಿದ ಅಯಸ್ಕಾಂತವೇ. ಅದು ಸೋತರೆ ಎಷ್ಟು ಹಗ್ಗ ಎಳೆದರೂ ಎಂಜಿನ್ ಹತ್ತುವುದಿಲ್ಲ.

ದಬ್ಬೆ ಸೀಳುವ ನ್ಯಾಯ

ಇತ್ತ ಮರೆಯುವ ಕಬ್ಬಿಣದ ಕಡೆಗೂ ಕೆಲಸ ನಡೆದಿತ್ತು. ಅಮೆರಿಕದಲ್ಲಿ ನೆಲೆಸಿದ್ದ ಸ್ಟೈನ್‌ಮೆಟ್ಜ್ 1892ರಲ್ಲಿ ಹಿಸ್ಟೆರಿಸಿಸ್ ನಷ್ಟವನ್ನು ಮೊದಲೇ ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟರು. 1900ರಲ್ಲಿ ಡಬ್ಲಿನ್ನಿನ ಪ್ರಾಧ್ಯಾಪಕ ಬ್ಯಾರೆಟ್, ಅವರ ಜೊತೆಗಾರ ಬ್ರೌನ್ ಮತ್ತು ಉಕ್ಕಿನ ತಜ್ಞ ಹ್ಯಾಡ್‌ಫೀಲ್ಡ್ ಸೇರಿ, ಕಬ್ಬಿಣಕ್ಕೆ ಸ್ವಲ್ಪ ಸಿಲಿಕಾನ್ ಬೆರೆಸಿದರೆ ಅದು ಬೇಗ ಮರೆಯುತ್ತದೆ, ಸುಳಿ ಪ್ರವಾಹಕ್ಕೂ ಅಡ್ಡಿಯಾಗುತ್ತದೆ ಎಂದು ತೋರಿಸಿದರು. ಅದಕ್ಕೆ ಮುಂಚಿನ ಟ್ರಾನ್ಸ್‌ಫಾರ್ಮರುಗಳಲ್ಲಿ ಕಬ್ಬಿಣ ಬಿಸಿಗೆ ತಿಂಗಳು ತಿಂಗಳಿಗೂ ಕೆಡುತ್ತ ನಷ್ಟ ಏರುತ್ತಿತ್ತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದ ಕಾಲಕ್ಕೆ ಈ ಸಿಲಿಕಾನ್ ತಗಡು ಇನ್ನೂ ಬಳಕೆಗೆ ಬಂದಿರಲಿಲ್ಲ. ಇಂದು ಮೋಟಾರು, ಟ್ರಾನ್ಸ್‌ಫಾರ್ಮರುಗಳ ಕೋರು ಸಾಮಾನ್ಯವಾಗಿ ಸಿಲಿಕಾನ್ ಬೆರೆತ ಉಕ್ಕಿನದೇ.

ಇಲ್ಲಿ ಹೋಂಡಾ ಅವರ ಕೊಡುಗೆ ಬೇರೆ ಬಗೆಯದು. ಸಾಧಾರಣ ಕಬ್ಬಿಣದಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಅಡ್ಡಾದಿಡ್ಡಿಯಾಗಿ ಸೇರಿಕೊಂಡಿರುತ್ತವೆ. ಹೋಂಡಾ ಮತ್ತು ಅವರ ಶಿಷ್ಯ ಸೇಜಿ ಕಾಯಾ ಅವರು ಒಂದೇ ಹರಳಾಗಿ ಬೆಳೆದ ಕಬ್ಬಿಣವನ್ನು ತೆಗೆದುಕೊಂಡು, ಬೇರೆ ಬೇರೆ ದಿಕ್ಕಿನಲ್ಲಿ ಕಾಂತವಾಗಿಸಿ, 1926ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹರಳು ಘನಾಕೃತಿಯದು. ಅದರ ಅಂಚಿನ ಉದ್ದಕ್ಕೆ ಕಾಂತವಾಗುವುದು ಬಲು ಸುಲಭ. ಮೂಲೆಯಿಂದ ಎದುರು ಮೂಲೆಗೆ ಬಲು ಕಷ್ಟ.

ಅಡಿಕೆ ಮರ ಕಡಿದು ದಬ್ಬೆ ಮಾಡಿದವರಿಗೆ ಇದು ಹೊಸ ಮಾತಲ್ಲ. ನಾರಿನ ಉದ್ದಕ್ಕೆ ಬೆಣೆ ಹೊಡೆದರೆ ಮರ ತಾನಾಗಿ ಸೀಳುತ್ತದೆ. ಅಡ್ಡಕ್ಕೆ ಹೊಡೆದರೆ ಕತ್ತಿ ಮೊಂಡಾಗುತ್ತದೆ. ಕಬ್ಬಿಣಕ್ಕೂ ಹೀಗೊಂದು ನಾರು ಉಂಟು. ಹಾಗಾದರೆ ತಗಡಿನ ಹರಳುಗಳನ್ನೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿಸಿ ಬೆಳೆಸಿದರೆ ನಷ್ಟ ತಗ್ಗಬೇಕಲ್ಲವೆ? ಅಮೆರಿಕದ ನಾರ್ಮನ್ ಗಾಸ್ ಎಂಬವರು ಅಂಥ ತಗಡು ಮಾಡುವ ವಿಧಾನಕ್ಕೆ 1934ರಲ್ಲಿ ಪೇಟೆಂಟ್ ಪಡೆದರು. ಇಂದು ಟ್ರಾನ್ಸ್‌ಫಾರ್ಮರಿನ ಕೋರಿಗೆ ಬಳಸುವುದು ಹೆಚ್ಚಾಗಿ ಆ ಜಾತಿಯ ತಗಡನ್ನೇ. ಟ್ರಾನ್ಸ್‌ಫಾರ್ಮರು ಲೋಡು ಇರಲಿ ಬಿಡಲಿ ದಿನದ 24 ಗಂಟೆಯೂ ಲೈನಿಗೆ ಅಂಟಿಕೊಂಡೇ ಇರುತ್ತದೆ. ಅದರ ಕಬ್ಬಿಣ ಸ್ವಲ್ಪ ಉಳಿಸಿದರೂ ದೇಶಕ್ಕೆ ದೊಡ್ಡ ಉಳಿತಾಯ.

ಅರವತ್ತಮೂರರಲ್ಲಿ ಮತ್ತೊಂದು ಉಕ್ಕು

1931ರಲ್ಲಿ ಟೋಕಿಯೋದ ಪ್ರಾಧ್ಯಾಪಕ ತೊಕುಶಿಚಿ ಮಿಶಿಮಾ ಅವರು ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಂಗಳ ಹೊಸ ಮಿಶ್ರಣವನ್ನು ಕಂಡುಹಿಡಿದರು. ಎಂ.ಕೆ. ಉಕ್ಕು ಎಂದು ಅದರ ಹೆಸರು. ಅದರ ಹಿಡಿತ ಕೆ.ಎಸ್. ಉಕ್ಕಿನ ಸುಮಾರು ಎರಡು ಪಟ್ಟು. ದುಬಾರಿಯಾದ ಕೋಬಾಲ್ಟಿನ ಅಗತ್ಯವೂ ಇಲ್ಲ. ಮುಂದೆ ಲೋಕಪ್ರಸಿದ್ಧವಾದ ಆಲ್ನಿಕೊ ಅಯಸ್ಕಾಂತಗಳಿಗೆ ಇದೇ ಮೂಲ. ಹದಿನಾಲ್ಕು ವರ್ಷ ಮೊದಲ ಸ್ಥಾನದಲ್ಲಿದ್ದ ಹೋಂಡಾ ಅವರ ಉಕ್ಕು ಒಮ್ಮೆಗೇ ಹಿಂದೆ ಬಿತ್ತು.

ಅದೇ ವರ್ಷ ಹೋಂಡಾ ತಮ್ಮ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದರು. ಬೇರೆ ಯಾರಾದರೂ ಆಗಿದ್ದರೆ ಇನ್ನು ಪದವಿ, ಸಭೆ, ಸನ್ಮಾನಗಳೇ ಸಾಕೆಂದು ಕುಳಿತುಬಿಡಬಹುದಿತ್ತು. ಅವರು ಶಿಷ್ಯರನ್ನು ಕಟ್ಟಿಕೊಂಡು ಮತ್ತೆ ಕುಲುಮೆಯ ಮುಂದೆ ನಿಂತರು. 1933ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಕೋಬಾಲ್ಟ್, ನಿಕ್ಕಲ್, ಟೈಟೇನಿಯಂ ಸೇರಿದ ‘ಹೊಸ ಕೆ.ಎಸ್.’ ಉಕ್ಕನ್ನು ಹೊರತಂದರು. ಅದರ ಹಿಡಿತ ಹಳೆಯ ಕೆ.ಎಸ್. ಉಕ್ಕಿನ ಮೂರು ಪಟ್ಟಿಗೂ ಹೆಚ್ಚು, ಎಂ.ಕೆ.ಯನ್ನೂ ಮೀರಿತು. ಒಬ್ಬರನ್ನೊಬ್ಬರು ಮೀರಿಸಿದ ಈ ಪೈಪೋಟಿಯಲ್ಲಿ ಸೋತವರು ಯಾರೂ ಇಲ್ಲ. ಲಾಭವಾದದ್ದು ಅಯಸ್ಕಾಂತ ಬಳಸುವ ಎಲ್ಲರಿಗೂ.

ವಿದ್ಯೆಯ ಗರಡಿ

ಉದ್ಯಮವೇ ವಿದ್ಯೆಯ ಗರಡಿಮನೆ ಎಂಬ ಅರ್ಥದ ಮಾತೊಂದು ಹೋಂಡಾ ಅವರ ಹೆಸರಿನೊಂದಿಗೆ ಇಂದಿಗೂ ಜಪಾನಿನಲ್ಲಿ ಪ್ರಚಾರದಲ್ಲಿದೆ. ಗರಡಿಗೆ ಇಳಿಯದೆ ಪಟ್ಟು ಬರುವುದಿಲ್ಲ. ಕಾರ್ಖಾನೆಯ, ಕಸುಬಿನ ಪ್ರಶ್ನೆಗಳಿಗೆ ಮುಖ ಕೊಡದೆ ಪಾಂಡಿತ್ಯ ಬಲಿಯುವುದಿಲ್ಲ ಎಂಬುದು ಅವರ ನಂಬಿಕೆ. 1919ರಲ್ಲಿ ಸೆಂಡಾಯ್‌ನಲ್ಲಿ ಕಬ್ಬಿಣ ಮತ್ತು ಉಕ್ಕಿನ ಸಂಶೋಧನಾಲಯ ಸ್ಥಾಪನೆಯಾಯಿತು. ಮೂರು ವರ್ಷದಲ್ಲಿ ಅದು ಎಲ್ಲ ಲೋಹಗಳ ಸಂಶೋಧನಾಲಯವಾಗಿ ಬೆಳೆಯಿತು. ಹೋಂಡಾ ದಿನವೂ ಒಂದೊಂದು ಕೋಣೆಗೂ ಹೋಗಿ, ಕೆಲಸ ಹೇಗೆ ನಡೆದಿದೆ ಎಂದು ಕೇಳದೆ ಇರುತ್ತಿರಲಿಲ್ಲವೆಂದು ಅವರ ಶಿಷ್ಯವರ್ಗ ಹೇಳುತ್ತ ಬಂದಿದೆ. ಬೆಳಗಾಗುತ್ತಲೇ ತೋಟಕ್ಕೊಂದು ಸುತ್ತು ಹಾಕುವ ಯಜಮಾನನಿಗೆ ಈ ಅಭ್ಯಾಸದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

1937ರಲ್ಲಿ ಜಪಾನ್ ಸರಕಾರ ‘ಸಂಸ್ಕೃತಿ ಪದಕ’ ಎಂಬ ಗೌರವವನ್ನು ಹೊಸದಾಗಿ ಏರ್ಪಡಿಸಿತು. ಮೊದಲ ಸಲ ಅದನ್ನು ಪಡೆದವರ ಪಟ್ಟಿಯಲ್ಲಿ ನಗಾಓಕಾ ಅವರೂ ಇದ್ದರು, ಹೋಂಡಾ ಅವರೂ ಇದ್ದರು. ಗುರುವಿಗೂ ಶಿಷ್ಯನಿಗೂ ಒಂದೇ ವರ್ಷ ಒಂದೇ ಗೌರವ! 1940ರವರೆಗೆ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಹೋಂಡಾ, 1954ರ ಫೆಬ್ರವರಿ 12ರಂದು ಎಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. 1972ರಲ್ಲಿ ಅದೇ ತೊಹೊಕು ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಮಸಾಟೊ ಸಗಾವಾ ಎಂಬ ತರುಣ, 1982ರಲ್ಲಿ ಸುಮಿಟೊಮೊ ಬಳಗದ ಲೋಹ ಕಂಪನಿಯೊಂದನ್ನು ಸೇರಿ, ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ ಅಯಸ್ಕಾಂತವನ್ನು ಸಿದ್ಧಪಡಿಸಿದರು. ಅಮೆರಿಕದಲ್ಲೂ ಅದೇ ಸುಮಾರಿಗೆ ಬೇರೊಂದು ವಿಧಾನದಿಂದ ಅದನ್ನು ಮಾಡಿದ್ದರು. ಇಂದು ಬಳಕೆಯಲ್ಲಿರುವ ಶಾಶ್ವತ ಅಯಸ್ಕಾಂತಗಳಲ್ಲಿ ಅತ್ಯಂತ ಬಲವಾದದ್ದು ಅದೇ. ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿ.ಎಲ್.ಡಿ.ಸಿ. ಫ್ಯಾನು, ಬ್ಯಾಟರಿಯ ಕಳೆ ಕೊಚ್ಚುವ ಯಂತ್ರ, ಹಲವು ಸೋಲಾರ್ ಪಂಪುಗಳು, ಎಲ್ಲದರ ಹಿಂದೆಯೂ ಅಯಸ್ಕಾಂತಗಳ ಈ ದೀರ್ಘ ಸಾಧನೆಯಿದೆ. ಅವುಗಳ ಚಕ್ರದಲ್ಲಿ ಶಾಶ್ವತ ಅಯಸ್ಕಾಂತವೇ ಇರುವುದರಿಂದ ಕಾಂತಬಲ ಹುಟ್ಟಿಸಲು ಬೇರೆ ವಿದ್ಯುತ್ತು ಖರ್ಚಾಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಇಂಥ ಅಯಸ್ಕಾಂತಗಳ ಕೆಲವು ಬಗೆಗಳ ರಫ್ತಿಗೆ ನಿಯಂತ್ರಣ ಹಾಕಿದಾಗ ಅನೇಕ ದೇಶಗಳ ಕಾರ್ಖಾನೆಗಳು ಪರದಾಡಿದವು. 1914ರಲ್ಲಿ ಜಪಾನಿಗೆ ಬಂದ ಕಷ್ಟವೇ ವೇಷ ಬದಲಿಸಿ ಮತ್ತೆ ಬಂದಂತಾಯಿತು.

ಒಂದು ವಿದ್ಯೆಗೆ ಹಣ ಹಾಕಿ ಹತ್ತಾರು ವರ್ಷ ಕಾಯುವುದು ನಷ್ಟದ ಬಾಬ್ತೆಂದು ಯಾರಾದರೂ ಹೇಳಿದರೆ ನಮ್ಮ ಬೆಳೆಗಾರರು ನಂಬಬಾರದು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ 1925ರದು, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರದು. ಅಲ್ಲಿ ಯಾರೋ ವರ್ಷಗಟ್ಟಲೆ ಎಣಿಸಿ ಬರೆದಿಟ್ಟದ್ದರ ಫಲವನ್ನು ನಾವು ಇಂದು ಗಿಡದಿಂದ ಕೊಯ್ಯುತ್ತಿದ್ದೇವೆ.

ಪಂಪುಮನೆಗೆ ನಾಲ್ಕು ಮಾತು

ಇಷ್ಟನ್ನು ತಿಳಿದ ಮೇಲೆ ನಮ್ಮ ಮೋಟಾರಿನ ಕಬ್ಬಿಣವನ್ನು ನಾವು ಹೇಗೆ ನೋಡಿಕೊಳ್ಳಬೇಕು?

ಮೊದಲನೆಯದು ರಿವೈಂಡಿಂಗ್. ಸುಟ್ಟ ಕಾಯಿಲನ್ನು ಬೇಗ ತೆಗೆಯಲು ಕೋರಿಗೆ ನೇರವಾಗಿ ಬೆಂಕಿ ಹಾಕಿ ಕೆಂಪಗೆ ಕಾಯಿಸುವ ರೂಢಿ ಅಲ್ಲಲ್ಲಿ ಉಂಟು. ತಂತಿ ಸುಲಭವಾಗಿ ಬರುತ್ತದೆ ನಿಜ. ಆದರೆ ತಗಡುಗಳ ನಡುವಿನ ಲೇಪವೂ ಸುಟ್ಟುಹೋಗುತ್ತದೆ. ಆಮೇಲೆ ತಗಡುಗಳೆಲ್ಲ ಒಂದಾಗಿ ಸುಳಿ ಪ್ರವಾಹಕ್ಕೆ ದಾರಿ ತೆರೆದಂತೆ. ಹೊಸ ತಂತಿ ಎಷ್ಟೇ ಒಳ್ಳೆಯದಿರಲಿ, ಆ ಮೋಟಾರು ಮೊದಲಿಗಿಂತ ಬಿಸಿಯಾಗಿಯೇ ಓಡುತ್ತದೆ, ಬೇಗ ಮತ್ತೆ ಸುಡುತ್ತದೆ. ಕೋರಿನ ಬಿಸಿ ಸುಮಾರು 370 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂಬುದು ತಜ್ಞರ ಎಚ್ಚರಿಕೆ. ಕೋರಿನ ಹಲ್ಲುಗಳನ್ನು ಸುತ್ತಿಗೆಯಿಂದ ಬಡಿಯುವುದು, ಅರದಿಂದ ಉಜ್ಜುವುದು ಕೂಡ ಅಷ್ಟೇ ಕೇಡು. ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿ. ತುಸು ಹೆಚ್ಚು ಕೂಲಿ ಕೇಳಿದರೂ ಕೊಡಿ.

ಈ ಬಿಸಿಯ ಬೆಲೆಯೇನೆಂದು ಒಂದು ಲೆಕ್ಕ ನೋಡೋಣ. 5 ಎಚ್.ಪಿ. ಮೋಟಾರು ಪೂರ್ಣ ಲೋಡಿನಲ್ಲಿ ಓಡುತ್ತಿದೆ ಎನ್ನಿ. ದಕ್ಷತೆ ನೂರಕ್ಕೆ 85 ಇದ್ದದ್ದು 80ಕ್ಕೆ ಇಳಿದರೆ ಗಂಟೆಗೆ ಕಾಲು ಯೂನಿಟ್ಟಿಗೂ ಸ್ವಲ್ಪ ಹೆಚ್ಚು ವಿದ್ಯುತ್ತು ಬರಿದೇ ಬಿಸಿಯಾಗುತ್ತದೆ. ವರ್ಷಕ್ಕೆ 500 ಗಂಟೆ ಓಡಿದರೆ ಸುಮಾರು 137 ಯೂನಿಟ್. ಬಿಲ್ಲು ಯಾರೇ ಕಟ್ಟಲಿ, ಆ ಬಿಸಿಯನ್ನು ತಿನ್ನುವುದು ನಮ್ಮ ಮೋಟಾರಿನ ಆಯುಷ್ಯ.

ಎರಡನೆಯದು ವೋಲ್ಟೇಜು. ವೋಲ್ಟೇಜು ನೂರಕ್ಕೆ 80ಕ್ಕೆ ಇಳಿದರೆ ಮೋಟಾರಿನ ತಿರುಗುಬಲ ನೂರಕ್ಕೆ 64ಕ್ಕೆ ಇಳಿಯುತ್ತದೆ. ಹೊರೆ ಹೊರಲು ಅದು ಹೆಚ್ಚು ಕರೆಂಟನ್ನು ಎಳೆದು ತಾಮ್ರವನ್ನು ಸುಡುತ್ತದೆ. ಇದು ಎಲ್ಲರಿಗೂ ಗೊತ್ತು. ನಡುರಾತ್ರಿ ವೋಲ್ಟೇಜು ತೀರ ಏರಿದಾಗಲೂ ಕೇಡೇ ಎಂಬುದು ಹಲವರಿಗೆ ತಿಳಿಯದು. ಆಗ ಕಬ್ಬಿಣ ತನ್ನ ಮಿತಿಗೆ ತುಂಬಿಹೋಗಿ, ಕೆಲಸಕ್ಕೆ ಬಾರದ ಕರೆಂಟು ನುಗ್ಗಿ, ಕೋರು ಕಾಯುತ್ತದೆ. ಆದ್ದರಿಂದ ಕಡಿಮೆ, ಹೆಚ್ಚು ಎರಡಕ್ಕೂ ಕಡಿದುಹಾಕುವ ರಕ್ಷಣೆ ಸ್ಟಾರ್ಟರಿನಲ್ಲಿರಲಿ.

ಮೂರನೆಯದು ಒಂದು ನೋಟ್ ಪುಸ್ತಕ. ಹೊಸ ಮೋಟಾರು ಕೂರಿಸಿದ ದಿನ ವೋಲ್ಟೇಜು ಎಷ್ಟಿತ್ತು, ಎಷ್ಟು ಆಂಪಿಯರ್ ತೆಗೆದುಕೊಂಡಿತು, ಎಷ್ಟು ಜೆಟ್ ಓಡುತ್ತಿತ್ತು ಎಂದು ಬರೆದಿಡಿ. ರಿವೈಂಡಿಂಗ್ ಆದ ಮೇಲೆ ಅದೇ ವೋಲ್ಟೇಜಿನಲ್ಲಿ, ಅಷ್ಟೇ ಜೆಟ್ಟಿಗೆ ಮತ್ತೆ ನೋಡಿ. ಆಂಪಿಯರ್ ಏರಿದ್ದರೆ, ಮೈ ಬೇಗ ಕಾಯುತ್ತಿದ್ದರೆ, ಅಂಗಡಿಯವರನ್ನು ಕೇಳುವ ಹಕ್ಕು ನಿಮಗುಂಟು. ಬರೆದಿಟ್ಟ ಅಂಕೆಯಿಲ್ಲದೆ ಬಾಯಿಮಾತಿನಲ್ಲಿ ಕೇಳಿದರೆ ಉತ್ತರವೂ ಬಾಯಿಮಾತಿನದೇ.

ನಾಲ್ಕನೆಯದು ಖರೀದಿ. ಹೊಸ ಪಂಪು ಕೊಳ್ಳುವಾಗ ಐ.ಎಸ್.ಐ. ಗುರುತಿನ ಜೊತೆಗೆ ನಕ್ಷತ್ರ ಚಿಹ್ನೆಯನ್ನೂ ನೋಡಿ. ಒಳ್ಳೆಯ ತಗಡು, ಸಾಕಷ್ಟು ತಗಡು ಹಾಕಿದ ಮೋಟಾರು ಕೈಗೆ ಭಾರವಾಗಿರುತ್ತದೆ, ಬೆಲೆಗೂ ಭಾರವಾಗಿರುತ್ತದೆ. ಬ್ಯಾಟರಿ ಮತ್ತು ಸೋಲಾರ್ ಯಂತ್ರಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸಾಧಾರಣ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೆನಪು ಕಳೆದುಕೊಳ್ಳತೊಡಗುತ್ತದೆ. ತಣ್ಣಗಾದ ಮೇಲೂ ಕಳೆದ ಶಕ್ತಿ ಪೂರ್ತಿ ಮರಳುವುದಿಲ್ಲ. ಯಂತ್ರ ಕೈಗೆ ಸುಡುವಷ್ಟಾದರೆ ಕೆಲಸ ನಿಲ್ಲಿಸಿ ಆರಲು ಬಿಡಿ.

ಹೂಮಳೆಯ ದಾರಿ ಕಾಯುವ ಮುನ್ನ, ಜನವರಿಯಲ್ಲೇ ಒಂದು ದಿನ ಬಿಡುವು ಮಾಡಿಕೊಂಡು ಪಂಪುಮನೆಯ ಬಾಗಿಲು ತೆಗೆಸಿ ಮೋಟಾರು, ಸ್ಟಾರ್ಟರು, ಕೇಬಲ್ಲುಗಳನ್ನು ಬಲ್ಲವರಿಂದ ನೋಡಿಸಬೇಕೆಂದು ಸದಸ್ಯ ಬಂಧುಗಳಲ್ಲಿ ವಿನಂತಿಸುತ್ತೇವೆ. ಕಳೆದ ಬೇಸಗೆಯ ಅಂಕೆಗಳನ್ನು ಬರೆದಿಟ್ಟವರು ಪುಸ್ತಕವನ್ನೂ ಜೊತೆಗೆ ಒಯ್ಯಲಿ.